ಬೆಳಗಿನ ಜಾವ ಹೊಂಡದ ಹತ್ತಿರ

ಕೇಳುಗರೇ, ನಮಸ್ಕಾರ.

ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ತೆಂಗಿನ ಮರಗಳ ಪಕ್ಕ ಒಂದು ಹೊಂಡ ಇದೆ. 20 ಅಡಿ ಉದ್ದ, 12 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಅದರಲ್ಲಿ ಕಾಟ್ಲಾ, ರೋಹು, ಗೆಂಡೆ ಎಲ್ಲಾ ಸೇರಿ 25 ಮೀನು. ಇಷ್ಟು ಜಾಗಕ್ಕೆ 200 ಬಿಡಬಹುದಲ್ವಾ ಅಂತ ಬಂದ ನೆಂಟರೆಲ್ಲ ಕೇಳುತ್ತಾರೆ. ಬಿಡಬಹುದು, ಆದರೆ ಉಳಿಯುವುದಿಲ್ಲ. ಮೋಟಾರು, ನೀರಿಗೆ ಗಾಳಿ ಬೆರೆಸುವ ಯಂತ್ರ ಏನೂ ಇಲ್ಲದ ಹಿತ್ತಲ ಹೊಂಡಕ್ಕೆ ಒಂದು ಚದರ ಮೀಟರಿಗೆ ಒಂದು ಮೀನು ಸಾಕು.

ನಾನು ಇದನ್ನು ಕಲಿತದ್ದು ಒಂದು ಮೇ ತಿಂಗಳಲ್ಲಿ. ಆಗ ಹೊಂಡದಲ್ಲಿ ಮೀನು ಜಾಸ್ತಿ ಇದ್ದವು. ಮೂರು ದಿನದಿಂದ ಮೋಡ, ಧಗೆ, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಸೆಕೆಗೆ ಮೀನು ಸೊರಗಿವೆ ಅಂದುಕೊಂಡು ಸಂಜೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕಲಸಿ ಒಂದು ಹಿಡಿ ಹೆಚ್ಚಾಗಿಯೇ ಹಾಕಿದೆ. ಬೆಳಗಿನ ಜಾವ ಐದಕ್ಕೆ ಅತ್ತೆ ಕೂಗಿದರು. "ಬಾರವ್ವ ಇಲ್ಲಿ, ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾವೆ!"

ಓಡಿದೆ. ನೀರಿನ ಮೇಲೆಲ್ಲ ದುಂಡಗೆ ತೆರೆದ ಬಾಯಿಗಳು. ಪಚ್ ಪಚ್ ಅಂತ ಸದ್ದು. ಹೆಜ್ಜೆ ಸಪ್ಪಳಕ್ಕೆ ಓಡಿಹೋಗುವ ಮೀನುಗಳು ಅವತ್ತು ಕೈ ಹಾಕಿದರೂ ಕದಲಲಿಲ್ಲ. ದೊಡ್ಡ ಕಾಟ್ಲಾಗಳು ಆಗಲೇ ಮಗ್ಗುಲಾಗಿದ್ದವು. ಒಂಬತ್ತು ಮೀನು ಹೋದವು. ತೆಂಗಿನ ಬುಡದಲ್ಲಿ ಹೂತೆ. ಆ ಸಂಕಟ ಇನ್ನೂ ಹೋಗಿಲ್ಲ.

ಆಗಿದ್ದು ಇಷ್ಟು. ನೀರು ಹಸಿರಾಗಿ ಕಾಣುತ್ತದಲ್ಲ, ಆ ಸಣ್ಣ ಪಾಚಿ ಬಿಸಿಲಿದ್ದಾಗ ನೀರಿಗೆ ಆಕ್ಸಿಜನ್ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತವೆ, ತಳದ ಕೆಸರೂ ಎಳೆದುಕೊಳ್ಳುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮೊದಲೇ ಆಕ್ಸಿಜನ್ ತೀರಾ ಕಡಿಮೆ. ಮೋಡ ಕಟ್ಟಿದ ದಿನ ಹಗಲಿನಲ್ಲೂ ಸಂಪಾದನೆ ಇಲ್ಲ. ಜೊತೆಗೆ ನೀರು ಬಿಸಿಯಾದಷ್ಟೂ ಆಕ್ಸಿಜನ್ ಹಿಡಿಯುವುದು ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಇದರ ಮೇಲೆ ನಾನು ಹಾಕಿದ ಹಿಂಡಿ ತಿನ್ನದೆ ಉಳಿದು ಕೊಳೆಯಿತು. ಇದ್ದಬದ್ದ ಗಾಳಿಯನ್ನೂ ಅದೇ ನುಂಗಿತು.

ಹಾಗಾಗಿ ಮೋಡ ಮುಚ್ಚಿದ ಸಂಜೆ ಮೇವು ಬೇಡ. ಉಪವಾಸ ಬಿದ್ದರೆ ಮೀನು ಸಾಯುವುದಿಲ್ಲ. ಉಳಿದ ದಿನ ಅರ್ಧ ಕೆ.ಜಿ. ತೂಗುವ 25 ಮೀನಿಗೆ ಕಾಲು ಕೆ.ಜಿ. ಮೇವು ಸಾಕು. ಅದೂ ಬೆಳಗ್ಗೆ ಬಿಸಿಲೇರಿದ ಮೇಲೆ.

ಮೀನು ಬಾಯಿ ಬಿಡುವುದು ಕಂಡರೆ ಕೂಡಲೇ ಹೊಸ ನೀರು ಕೊಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೋರ್‌ವೆಲ್ ನೀರಿನಲ್ಲೇ ಆಕ್ಸಿಜನ್ ಕಡಿಮೆ. ಪೈಪನ್ನು ಸುಮ್ನೆ ಹೊಂಡದೊಳಗೆ ಇಳಿಬಿಟ್ಟರೆ ಪ್ರಯೋಜನ ಇಲ್ಲ. ಬಿದಿರಿಗೆ ಕಟ್ಟಿ ತಲೆಯೆತ್ತರದಿಂದ ಬೀಳಿಸಿ. ನಾನು ಕೆಳಗೆ ಒಂದು ತಗಡಿನ ಶೀಟು ಓರೆಯಾಗಿ ಇಟ್ಟಿದ್ದೇನೆ. ನೀರು ಅದಕ್ಕೆ ಬಡಿದು ಚದುರಿ, ಗಾಳಿ ಬೆರೆತು ಒಳಗೆ ಹೋಗುತ್ತದೆ. ಕರೆಂಟ್ ಇಲ್ಲದಿದ್ದರೆ ಬಿಂದಿಗೆಯಲ್ಲಿ ಎತ್ತಿ ಎತ್ತಿ ಸುರಿಯಿರಿ. ಮೈಸೂರಿನಲ್ಲಿ ನಲ್ಲಿ ನೀರು ತುಂಬುವವರು ಒಂದು ದಿನ ಬಯಲಲ್ಲಿ ಹಿಡಿದಿಟ್ಟು ಆಮೇಲೆ ಬಿಡಿ, ಕ್ಲೋರಿನ್ ಹೋಗಬೇಕು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಗದ್ದೆಗೆ ನಿಜ. ಹೊಂಡಕ್ಕೆ ಮಾತ್ರ ಮೊದಲ ಮಳೆ ಕಷ್ಟದ್ದು. ಅಂಗಳದ ಕಸ, ಕೊಟ್ಟಿಗೆಯ ಗಂಜಲ, ಪಕ್ಕದ ಕಬ್ಬಿಗೆ ಹೊಡೆದ ಔಷಧಿ ಎಲ್ಲ ಹರಿದು ಬರುತ್ತದೆ. ಸುತ್ತ ಒಂದಡಿ ಎತ್ತರದ ಮಣ್ಣಿನ ಬದು ಹಾಕಿ. ಬದು ಇದ್ದರೂ ನೀರು ಕೆಂಪಗೆ ರಾಡಿಯಾದರೆ, ನಮ್ಮ ಅಳತೆಯ ಹೊಂಡಕ್ಕೆ ಅರ್ಧ ಕೆ.ಜಿ. ಕೃಷಿ ಸುಣ್ಣ, ಅಂದರೆ ಸುಡದ ಸುಣ್ಣಕಲ್ಲಿನ ಪುಡಿ, ಬಕೆಟ್ಟಿನಲ್ಲಿ ಕದಡಿ ಎರಚಬಹುದು. ಸುಟ್ಟ ಸುಣ್ಣ ಬೇಡವೇ ಬೇಡ.

ಮಳೆಗಾಲವೇ ಮೀನುಮರಿ ಸಿಗುವ ಕಾಲ. ನಮ್ಮ ಕಡೆಯವರು ಕೆ.ಆರ್.ಎಸ್. ಕಡೆಯಿಂದ ತರುತ್ತಾರೆ. ಪ್ಲಾಸ್ಟಿಕ್ ಚೀಲ ತಂದವರೇ ಕತ್ತರಿಸಿ ಸುರಿಯಬೇಡಿ. ಕಟ್ಟು ಬಿಚ್ಚದೆ 20 ನಿಮಿಷ ನೀರಿನ ಮೇಲೆ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರು ಸ್ವಲ್ಪ ಸ್ವಲ್ಪ ಒಳಗೆ ಹಾಕಿ. ಮರಿಗಳು ತಾವಾಗಿಯೇ ಈಜಿ ಹೊರಗೆ ಬರುತ್ತವೆ.

ಮರಿ ಬಿಟ್ಟ ಸುದ್ದಿ ಹಕ್ಕಿಗಳಿಗೆ ಹೇಗೆ ಗೊತ್ತಾಗುತ್ತದೋ! ಮಿಂಚುಳ್ಳಿ, ಬೆಳ್ಳಕ್ಕಿ ಹಾಜರ್. ಮೊದಲು ನೈಲಾನ್ ಬಲೆ ಹಾಸಿದ್ದೆ. ಅದಕ್ಕೆ ಒಂದು ಕೇರೆ ಹಾವು ಸಿಕ್ಕಿಕೊಂಡು ಸತ್ತಿತು. ಅವತ್ತೇ ಬಲೆ ತೆಗೆದೆ. ಈಗ ತಳದಲ್ಲಿ ಹಳೇ ಮಣ್ಣಿನ ಪೈಪುಗಳನ್ನು ಇಟ್ಟಿದ್ದೇನೆ. ಅದರೊಳಗೆ ಮರಿಗಳು ಅಡಗುತ್ತವೆ. ಒಂದೆರಡು ಹಕ್ಕಿ ಪಾಲಾದರೂ ನನಗೆ ಬೇಜಾರಿಲ್ಲ. ಕೊಕ್ಕರೆ ಬೆಳ್ಳೂರು ಇರುವ ಜಿಲ್ಲೆ ನಮ್ಮದು.

ಚಳಿಗಾಲದಲ್ಲಿ ಕೆಲಸ ಕಡಿಮೆ. ನೀರು ತಣ್ಣಗಾದರೆ ಮೀನಿಗೆ ಅರಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮೇವು ಅರ್ಧ ಮಾಡಿ, ಹನ್ನೊಂದು ಗಂಟೆಯ ಬಿಸಿಲಿಗೆ ಒಂದೇ ಸಲ ಹಾಕಿ. ಮೈಮೇಲೆ ಕೆಂಪು ಚುಕ್ಕೆ, ಹುಣ್ಣು ಕಾಣುವುದೂ ಈಗಲೇ. ಅಂಥ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ನೀವೇ ಔಷಧಿ ಸುರಿಯಬೇಡಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಆಗ ಮೇವನ್ನು ದಿನಕ್ಕೊಂದು ಚಿಟಿಕೆಯಂತೆ ಏರಿಸುತ್ತಾ ಬನ್ನಿ. ತಳದ ಕಪ್ಪು ಕೆಸರನ್ನು ಬಿಸಿಲು ಬಲಿಯುವ ಮೊದಲೇ ತೆಗೆಸಿ, ತೆಂಗಿನ ಬುಡಕ್ಕೆ ಹಾಕಿ. ನಮ್ಮ ಹೊಂಡದಲ್ಲಿ ಈ ಸಲ ಹನ್ನೆರಡು ಬಾಂಡ್ಲಿ ಬಂತು.

ನಮಸ್ಕಾರ.