ಡಬ್ಬಿ ಹಾರ್ಲಿಕ್ಸ್‌ನದು, ಒಳಗಿರುವುದು ಹುಣಸೆಹಣ್ಣು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಅಕ್ಕನ ಮನೆಯ ಗೃಹಪ್ರವೇಶ ಆಯಿತು. ವಿಡಿಯೋದವರನ್ನು ಕರೆಸಲಿಲ್ಲ. "ಎಲ್ಲರ ಹತ್ತಿರವೂ ಫೋನ್ ಇದೆ, ಎಲ್ಲರೂ ತೆಗೀಲಿ, ನೀನು ಕೂತು ಜೋಡಿಸಿಬಿಡು" ಅಂತ ಭಾವ ನನ್ನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟರು. ಅದರಲ್ಲಿ ಐದು ಫೈಲುಗಳು. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು. ಆ ಮೂರು ವಾರದ ಕಥೆಯನ್ನೇ ಈಗ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದರೆ ಅವರನ್ನೂ ಕರೆಯಿರಿ.

ಮೊದಲ ಫೈಲು ಅಕ್ಕನ ಮೈದುನ ತೆಗೆದದ್ದು. ಒಳ್ಳೆಯ ದುಬಾರಿ ಫೋನು. ಹಾಲು ಉಕ್ಕಿಸುವ ಗಳಿಗೆ ಅದರಲ್ಲೇ ಇರುವುದು. ಎಡಿಟಿಂಗ್ ತಂತ್ರಾಂಶಕ್ಕೆ ಎಳೆದು ಹಾಕಿದೆ. ಧ್ವನಿ ಬಂತು. "ಉಕ್ತು, ಉಕ್ತು!" ಅಂತ ಹೆಂಗಸರೆಲ್ಲ ಕೂಗುತ್ತಿದ್ದಾರೆ. ಪರದೆ ಮಾತ್ರ ಕಾಡಿಗೆಯ ಹಾಗೆ ಕಪ್ಪು. ಅದೇ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದರೆ ಸಲೀಸಾಗಿ ಓಡುತ್ತದೆ! ಫೈಲು ಕೆಟ್ಟಿಲ್ಲ ಅಂತ ಅಲ್ಲಿಗೆ ಗೊತ್ತಾಯಿತು. ಹಾಗಾದರೆ ಕೆಟ್ಟಿರುವುದು ಏನು?

ನಮ್ಮ ಅಡುಗೆಮನೆಗಳನ್ನು ನೆನಪಿಸಿಕೊಳ್ಳಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ಬೋರ್ನ್‌ವೀಟಾ ಡಬ್ಬಿಯಲ್ಲಿ ಸಾಸಿವೆ. ಹೊರಗಿನ ಚೀಟಿ ನೋಡಿ ಹಾಲಿಗೆ ಹಾಕಿಕೊಂಡರೆ ಗತಿ ಏನು, ಅಲ್ವಾ? ವಿಡಿಯೋ ಫೈಲೂ ಹೀಗೇ. ಎಂಪಿ4, ಎಂಒವಿ, ಎವಿಐ, ಎಂಕೆವಿ ಅಂತ ಹೆಸರಿನ ಕೊನೆಗೆ ಇರುತ್ತದಲ್ಲ, ಅದು ಬರೀ ಡಬ್ಬಿಯ ಹೆಸರು. ಒಳಗೆ ಚಿತ್ರವನ್ನು ಯಾವ ರೀತಿ ಅಡಕ ಮಾಡಿ ತುಂಬಿದ್ದಾರೆ ಅನ್ನುವುದು ಬೇರೆ ವಿಷಯ. ಆ ತುಂಬುವ ರೀತಿಗೆ ಕೋಡೆಕ್ ಅನ್ನುತ್ತಾರೆ. ಎರಡು ಫೈಲುಗಳ ಹೆಸರಿನ ಕೊನೆಗೂ ಎಂಪಿ4 ಅಂತಲೇ ಇರಬಹುದು. ಒಂದರೊಳಗೆ 2003ರಲ್ಲಿ ಬಂದ ಎಚ್.264 ಇರುತ್ತದೆ, ಇನ್ನೊಂದರೊಳಗೆ 2013ರಲ್ಲಿ ಬಂದ ಎಚ್.265. ಈ ಎರಡನೆಯದಕ್ಕೇ ಎಚ್‌ಇವಿಸಿ ಅನ್ನುವ ಹೆಸರೂ ಇದೆ. ಹಳೆಯದಕ್ಕೆ ಹೋಲಿಸಿದರೆ ಅದೇ ಚಂದದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಫೋನಿನಲ್ಲಿ ಜಾಗ ಉಳಿಯುತ್ತದೆ. ಆದರೆ ಬಿಚ್ಚುವವನಿಗೆ ಆ ಗಂಟು ಹಾಕಿದ ರೀತಿ ಗೊತ್ತಿರಬೇಕು. ವಿಎಲ್‌ಸಿ ಎಲ್ಲ ಗಂಟು ಬಿಚ್ಚುವ ಸಾಮಾನನ್ನೂ ತನ್ನ ಜೋಳಿಗೆಯಲ್ಲೇ ಇಟ್ಟುಕೊಂಡು ಓಡಾಡುತ್ತದೆ. ಅನೇಕ ಎಡಿಟಿಂಗ್ ತಂತ್ರಾಂಶಗಳು ಹಾಗಲ್ಲ, ವಿಂಡೋಸ್‌ನಲ್ಲಿ ಏನಿದೆಯೋ ಅದನ್ನೇ ಕಡ ಕೇಳುತ್ತವೆ. ವಿಂಡೋಸ್‌ನಲ್ಲಿ ಎಚ್‌ಇವಿಸಿ ಬಿಚ್ಚುವ ತುಣುಕು ಇಲ್ಲದಿದ್ದರೆ ಕಪ್ಪು ಪರದೆಯೇ ಗತಿ. ಅದು ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಣ್ಣ ಬೆಲೆಗೆ ಸಿಗುತ್ತದೆ.

ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ಮೊದಲ ವಾರ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಫೈಲಿನ ಹೆಸರಿನಲ್ಲಿ ಎಂಒವಿ ಅಂತ ಇತ್ತು, ಅದನ್ನು ಅಳಿಸಿ ಎಂಪಿ4 ಅಂತ ಬರೆದೆ. ಡಬ್ಬಿಯ ಚೀಟಿ ಬದಲಿಸಿದರೆ ಹುಣಸೆಹಣ್ಣು ಹಾರ್ಲಿಕ್ಸ್ ಆಗುತ್ತದೆಯೇ? ಪರದೆ ಕಪ್ಪಾಗಿಯೇ ಇತ್ತು.

ದಾರಿ ತೋರಿಸಿದ್ದು ಮೀಡಿಯಾಇನ್ಫೋ ಅನ್ನುವ ಪುಟ್ಟ ಉಚಿತ ತಂತ್ರಾಂಶ. ಫೈಲನ್ನು ಅದರ ಮೇಲೆ ಎಳೆದು ಹಾಕಿದರೆ ಸಾಕು, ಜಾತಕವನ್ನೇ ಬಿಚ್ಚಿಡುತ್ತದೆ. ಡಬ್ಬಿ ಯಾವುದು, ಕೋಡೆಕ್ ಯಾವುದು, ಸೆಕೆಂಡಿಗೆ ಎಷ್ಟು ಚಿತ್ರ, ಬಣ್ಣ 8 ಬಿಟ್ಟೋ 10 ಬಿಟ್ಟೋ, ಎಲ್ಲವೂ ಅಲ್ಲಿರುತ್ತದೆ. ಇದನ್ನು ನೋಡದೆ ಸುಮ್ನೆ ಸಿಕ್ಕಸಿಕ್ಕ ಕನ್ವರ್ಟರ್ ಇಳಿಸಿಕೊಂಡು ಓಡಿಸುವುದು, ರೋಗ ಗೊತ್ತಿಲ್ಲದೆ ಮಾತ್ರೆ ನುಂಗಿದ ಹಾಗೆ. ನಾನು ನುಂಗಿದ್ದೇನೆ. ಅಂಥ ಒಂದು ಕನ್ವರ್ಟರು ವಿಡಿಯೋದ ನಟ್ಟನಡುವೆ ತನ್ನ ಹೆಸರು ಬರೆದುಕೊಟ್ಟಿತು.

ನಂಬಬಹುದಾದ ಉಚಿತ ಸಾಧನ ಅಂದರೆ ಹ್ಯಾಂಡ್‌ಬ್ರೇಕ್. ಎಚ್.265 ಫೈಲನ್ನು ಕೊಟ್ಟು, ಎಚ್.264 ಮಾಡಿಕೊಡು ಅಂದರೆ ಮಾಡಿಕೊಡುತ್ತದೆ. ಅದರಲ್ಲಿ ಗುಣಮಟ್ಟಕ್ಕೆ ಒಂದು ಅಂಕಿ ಇರುತ್ತದೆ, ಆರ್‌ಎಫ್ ಅಂತ. ಅಂಕಿ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಮುಂದೆ ಎಡಿಟ್ ಮಾಡುವುದಿದ್ದರೆ ನಾನು 18ಕ್ಕೆ ಇಡುತ್ತೇನೆ. ಅಂದ ಹಾಗೆ, ಮುಂದಿನ ಸಮಾರಂಭಕ್ಕೆ ಈ ಕಷ್ಟವೇ ಬೇಡ ಅನ್ನುವವರು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಳ್ಳಿ. ಅಲ್ಲೇ ಹತ್ತಿರದಲ್ಲಿ ಎಚ್‌ಡಿಆರ್ ವಿಡಿಯೋ, ಅಂದರೆ ಬೆಳಕನ್ನೂ ಬಣ್ಣವನ್ನೂ ಇನ್ನಷ್ಟು ಹೆಚ್ಚಾಗಿ ಹಿಡಿಯುವ ವಿಡಿಯೋ, ಅನ್ನುವ ಗುಂಡಿಯೂ ಇರುತ್ತದೆ. ಅದು ಚಾಲೂ ಇದ್ದರೆ ಫೋನಿನಲ್ಲಿ ಹೊಳೆಯುವ ಅರಿಶಿನ, ಕುಂಕುಮ ಎಡಿಟಿಂಗ್‌ನಲ್ಲಿ ಬಿಳಿಚಿಕೊಂಡು ಕಾಣಬಹುದು. ಆಂಡ್ರಾಯ್ಡ್ ಫೋನುಗಳಲ್ಲೂ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಇಂಥದ್ದೇ ಆಯ್ಕೆ ಸಾಮಾನ್ಯವಾಗಿ ಸಿಗುತ್ತದೆ.

ಇನ್ನು ಎರಡನೆಯ ಫೈಲು. ಇದೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ಅಕ್ಕನ ಮಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಡೀ ಹೋಮ ತೆಗೆದಿದ್ದ, 40 ನಿಮಿಷ. ತೆರೆಯಿತು, ಚಿತ್ರವೂ ಬಂತು, ಧ್ವನಿಯೂ ಬಂತು. ಅಬ್ಬ, ಒಂದಾದರೂ ಸರಿಯಾಯಿತಲ್ಲ ಅಂದುಕೊಂಡೆ. ಕೊನೆಗೆ ಹೋಗಿ ನೋಡಿದರೆ ಭಟ್ಟರು ಗಂಟೆ ಕೆಳಗಿಟ್ಟು ತೀರ್ಥ ಕೊಡುತ್ತಿದ್ದಾರೆ, ಮಂಗಳಾರತಿಯ ಗಂಟೆ ಇನ್ನೂ ಬಾರಿಸುತ್ತಲೇ ಇದೆ! ಎಂಟು ಸೆಕೆಂಡಿನಷ್ಟು ವ್ಯತ್ಯಾಸ. ಶುರುವಿನಲ್ಲಿ ಮಾತ್ರ ಬಾಯಿಗೂ ಮಂತ್ರಕ್ಕೂ ಸರಿಹೊಂದುತ್ತಿತ್ತು.

ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ ಅಂತ ನಾವು ನಂಬಿರುತ್ತೇವೆ. ಅದು ಸರಿಯಾಗಿ 30 ತೆಗೆಯುವುದಿಲ್ಲ. ಬೆಳಕು ಕಮ್ಮಿಯಾದರೆ, ಮೈ ಬಿಸಿಯಾದರೆ ಸ್ವಲ್ಪ ನಿಧಾನಿಸುತ್ತದೆ. ಹೋಮದ ಕೋಣೆಯಲ್ಲಿ ಎರಡೂ ಇತ್ತು, ಹೊಗೆಯ ಮಬ್ಬೂ, ಬೆಂಕಿಯ ಕಾವೂ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅಂತ ಹೆಸರು. ಪ್ರತಿ ಚಿತ್ರಕ್ಕೂ ಅದು ಯಾವ ಕ್ಷಣದ್ದು ಅನ್ನುವ ಗುರುತು ಫೈಲಿನಲ್ಲಿ ಇರುತ್ತದೆ, ಪ್ಲೇಯರ್ ಅದನ್ನು ನೋಡಿಕೊಂಡು ಓಡಿಸುತ್ತದೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಆ ಗುರುತನ್ನು ಓದುವುದಿಲ್ಲ. ಅಳತೆಕೋಲು ಹಿಡಿದು ಸೆಕೆಂಡಿಗೆ 30ರಂತೆ ಸಾಲಾಗಿ ಪೇರಿಸಿಬಿಡುತ್ತವೆ. ನಮ್ಮ ಫೈಲಿನ ಸರಾಸರಿ 29.9 ಅಂತ ಮೀಡಿಯಾಇನ್ಫೋ ತೋರಿಸಿತು. ಏನು ಮಹಾ, ಒಂದು ದಶಾಂಶ ಅನ್ನಿಸಿತು. ಲೆಕ್ಕ ಹಾಕಿ ನೋಡಿ. 40 ನಿಮಿಷ ಅಂದರೆ 2,400 ಸೆಕೆಂಡು. 29.9ರ ಲೆಕ್ಕದಲ್ಲಿ 71,760 ಚಿತ್ರ. ಅವನ್ನು 30ರಂತೆ ಪೇರಿಸಿದರೆ 2,392 ಸೆಕೆಂಡಿಗೆ ಮುಗಿದುಹೋಗುತ್ತದೆ. ಸರಿಯಾಗಿ ಎಂಟು ಸೆಕೆಂಡು ಮಾಯ. ಧ್ವನಿ ಪಾಪ ತನ್ನ ಪಾಡಿಗೆ 2,400 ಸೆಕೆಂಡೂ ಓಡುತ್ತಿರುತ್ತದೆ.

ಮದ್ದು ಸುಲಭ. ಹ್ಯಾಂಡ್‌ಬ್ರೇಕಿನಲ್ಲಿ ಫ್ರೇಮ್ ರೇಟ್ ಜಾಗದಲ್ಲಿ 30 ಆರಿಸಿ, ಅದರ ಕೆಳಗೆ 'ಕಾನ್‌ಸ್ಟಂಟ್' ಒತ್ತಬೇಕು. ಈ ಒಂದು ಗುಂಡಿ ಒತ್ತುವುದಕ್ಕೆ ಮೊದಲು ನಾನು ಧ್ವನಿಯನ್ನು ಹನ್ನೊಂದು ಕಡೆ ಕತ್ತರಿಸಿ ಎಳೆದು ಎಳೆದು ಹೊಂದಿಸಿದ್ದೆ, ಒಂದು ಇಡೀ ರಾತ್ರಿ. ಶಾಟ್‌ಕಟ್ ಅನ್ನುವ ಉಚಿತ ಎಡಿಟಿಂಗ್ ತಂತ್ರಾಂಶ ಬಳಸುವವರಿಗೆ ಇಷ್ಟೂ ತೊಂದರೆ ಇಲ್ಲ. ಇಂಥ ಫೈಲು ಕೊಟ್ಟ ಕೂಡಲೇ, ಇದನ್ನು ಎಡಿಟಿಂಗಿಗೆ ಹೊಂದುವಂತೆ ಬದಲಿಸಿಕೊಡಲೇ ಅಂತ ಅದೇ ಕೇಳುತ್ತದೆ. ಹೂಂ ಅನ್ನಿ.

ಬದಲಿಸಿದ ಮೇಲೂ ಕೆಲವರ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ನೋಡುವಾಗ ಸಲೀಸಾಗಿ ಓಡುವ ವಿಡಿಯೋ ಎಡಿಟ್ ಮಾಡುವಾಗ ಯಾಕೆ ತಡವರಿಸುತ್ತದೆ? ಹಳೆಯ ಲೆಕ್ಕದ ಪುಸ್ತಕ ನೋಡಿದ್ದೀರಾ? ಮೊದಲ ಸಾಲಿನಲ್ಲಿ ಪೂರ್ತಿ ಹೆಸರು, ಅಪ್ಪನ ಹೆಸರು, ಊರು. ಅದರ ಕೆಳಗೆಲ್ಲ 'ಸದರಿ', 'ಸದರಿ', 'ಸದರಿ'. ವಿಡಿಯೋದಲ್ಲೂ ಒಂದು ಚಿತ್ರ ಪೂರ್ತಿ ಬರೆದು, ಮುಂದಿನ ಹತ್ತಾರು ಚಿತ್ರಗಳಿಗೆ 'ಸದರಿ, ಕೈ ಮಾತ್ರ ಅಲ್ಲಾಡಿದೆ' ಅಂತ ಬರೆದಿರುತ್ತಾರೆ. ಮೇಲಿನಿಂದ ಓದಿಕೊಂಡು ಬಂದರೆ ಕಷ್ಟವಿಲ್ಲ. ಎಡಿಟ್ ಮಾಡುವವರು ಸೀದಾ ಇಪ್ಪತ್ತನೆಯ 'ಸದರಿ'ಯ ಮೇಲೆ ಬೆರಳಿಟ್ಟು ಇದು ಯಾರು ಅಂತ ಕೇಳುತ್ತಾರೆ. ಕಂಪ್ಯೂಟರ್ ಪ್ರತಿ ಸಲವೂ ಮೇಲೆ ಹೋಗಿ ಹೆಸರು ಹುಡುಕಿಕೊಂಡು ಬರಬೇಕು. ಅದಕ್ಕೇ ಪ್ರಾಕ್ಸಿ ಅನ್ನುವ ಸೌಲಭ್ಯ ಇರುವುದು. ಕೆಲಸಕ್ಕೆ ಮಾತ್ರ ಒಂದು ಹಗುರ ನಕಲು, ಕೊನೆಗೆ ಫೈಲು ಹೊರತೆಗೆಯುವಾಗ ಅಸಲು. ಶಾಟ್‌ಕಟ್, ಅದರಂಥದ್ದೇ ಇನ್ನೊಂದು ಉಚಿತ ತಂತ್ರಾಂಶ ಕೆಡೆನ್‌ಲೈವ್, ಎರಡರಲ್ಲೂ ಇದೆ.

ಮೂರನೆಯದು ಚಿಕ್ಕಪ್ಪನ ಹಳೆಯ ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲು. ಸೋನಿ, ಪ್ಯಾನಸೋನಿಕ್ ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಪದ್ಧತಿಯದು. ಇದರ ಡಬ್ಬಿಯೇ ಬೇರೆ, ಒಳಗಿರುವುದು ನಮ್ಮ ಪರಿಚಯದ ಎಚ್.264. ಇಂಥ ಕಡೆ ಪೂರ್ತಿ ಬದಲಿಸುವುದೇ ಬೇಡ, ಡಬ್ಬಿ ಮಾತ್ರ ಬದಲಿಸಿದರಾಯಿತು. ಷಟರ್ ಎನ್‌ಕೋಡರ್ ಅನ್ನುವ ತಂತ್ರಾಂಶದಲ್ಲಿ ಅದಕ್ಕೆ 'ರೀರ‍್ಯಾಪ್' ಅನ್ನುತ್ತಾರೆ. ಗುಣಮಟ್ಟ ಎಳ್ಳಷ್ಟೂ ಕಮ್ಮಿಯಾಗುವುದಿಲ್ಲ, ಬೇಗ ಮುಗಿಯುತ್ತದೆ. ಕೈ ಬೀಸಿದ ಕಡೆ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಮಾತ್ರ ಅದು ಇಂಟರ್‌ಲೇಸ್, ಹಳೆಯ ಟೀವಿ ಕಾಲದ ಪದ್ಧತಿ. ಆಗ ಹ್ಯಾಂಡ್‌ಬ್ರೇಕಿನ ಡಿಇಂಟರ್‌ಲೇಸ್ ಗುಂಡಿ ಬೇಕು.

ನಾಲ್ಕನೆಯದು ಎದೆ ಝಲ್ ಅನ್ನಿಸಿದ ಫೈಲು. ಹಸು ಮನೆಯೊಳಗೆ ಬರುವುದನ್ನು ತೆಗೆಯುತ್ತಿದ್ದ ಹುಡುಗನನ್ನು ಹಸುವೇ ತಿವಿದು, ಫೋನು ಬಿದ್ದು ಆಫ್ ಆಗಿತ್ತು. ಫೈಲಿನ ಗಾತ್ರ 900 ಎಂಬಿ ಇದೆ, ಯಾವುದರಲ್ಲೂ ತೆರೆಯುವುದಿಲ್ಲ, ವಿಎಲ್‌ಸಿಯಲ್ಲೂ ಇಲ್ಲ. ಎಂಪಿ4 ಫೈಲಿನ ಪರಿವಿಡಿಯನ್ನು ಫೋನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿಸುವಾಗ ಬರೆಯುತ್ತದೆ. ನಡುವೆ ಉಸಿರು ನಿಂತರೆ ಪುಟಗಳೆಲ್ಲ ಇರುತ್ತವೆ, ಯಾವುದು ಎಲ್ಲಿ ಅಂತ ಹೇಳುವ ಪರಿವಿಡಿ ಇರುವುದಿಲ್ಲ. ಅನ್‌ಟ್ರಂಕ್ ಅನ್ನುವ ಉಚಿತ ಸಾಧನಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೋ ಕೊಟ್ಟರೆ, ಅದನ್ನು ನೋಡಿಕೊಂಡು ಪರಿವಿಡಿ ಮತ್ತೆ ಕಟ್ಟಲು ನೋಡುತ್ತದೆ. ನಮ್ಮ ಹಸು ಹೊಸ್ತಿಲು ದಾಟುವವರೆಗೂ ಸಿಕ್ಕಿತು. ಆದರೆ ಒಂದು ಮಾತು. ಇಂಥ ಫೈಲನ್ನು ಅಳಿಸಬೇಡಿ. ಮೊದಲು ಒಂದು ನಕಲು ಮಾಡಿ ಪಕ್ಕಕ್ಕಿಡಿ. ಏನೇ ಪ್ರಯೋಗ ಇದ್ದರೂ ನಕಲಿನ ಮೇಲೆ.

ಐದನೆಯದು ಪಕ್ಕದ ಮನೆಯವರು ವಾಟ್ಸ್ಯಾಪಿನಲ್ಲಿ ಕಳಿಸಿದ ತುಣುಕು. ತಕರಾರೇ ಇಲ್ಲದೆ ಮೊದಲ ಏಟಿಗೇ ತೆರೆದದ್ದು ಇದೊಂದೇ. ನೋಡಿದರೆ ಎಲ್ಲವೂ ಮಸುಕು. ವಾಟ್ಸ್ಯಾಪ್ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ, ಹೀಗೆ ಹೋದದ್ದನ್ನು ಯಾವ ತಂತ್ರಾಂಶವೂ ವಾಪಸ್ ತರಲಾರದು. ಕಳಿಸುವಾಗಲೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಇದನ್ನು ಎಡಿಟಿಂಗಿಗೆ ಬಳಸುವುದೇ ಬೇಡ ಅಂತ ಪಕ್ಕಕ್ಕೆ ಎಸೆದಿದ್ದೆ.

ಮೂರನೆಯ ವಾರ ಹ್ಯಾಂಡ್‌ಬ್ರೇಕಿನಿಂದ ಹೊರಬಂದ ಆ ಮೊದಲ ಫೈಲನ್ನು ತೆರೆದೆ. ಕಪ್ಪು ಹೋಯಿತು, ಚಿತ್ರ ಬಂತು. ಎಂಥ ಚೊಕ್ಕ ಚಿತ್ರ ಅಂದರೆ ಸೀರೆಯ ಜರಿ ಎಣಿಸಬಹುದು. "ಉಕ್ತು, ಉಕ್ತು!" ಅಂತ ಕೂಗು ಎದ್ದಿತು. ಪರದೆಯ ತುಂಬ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಬೆನ್ನು. ಒಲೆಯೂ ಇಲ್ಲ, ಹಾಲೂ ಇಲ್ಲ. ಅಕ್ಕನ ಮೈದುನ ಹಿಂದೆ ನಿಂತು ತೆಗೆದಿದ್ದ. ಹಾಲು ಉಕ್ಕುವುದು ಕಾಣುತ್ತಿದ್ದದ್ದು ಆ ವಾಟ್ಸ್ಯಾಪ್ ತುಣುಕಿನಲ್ಲಿ ಮಾತ್ರ. ಕೊನೆಗೆ ಧ್ವನಿ ಇದರದ್ದು, ಚಿತ್ರ ಅದರದ್ದು ಹಾಕಿ ಜೋಡಿಸಿದೆ.

ಅಕ್ಕ ನೋಡಿ ಫೋನ್ ಮಾಡಿದಳು. "ಎಲ್ಲಾ ಚೆನ್ನಾಗಿದೆ ಕಣೋ. ಹಾಲು ಉಕ್ಕೋ ಹೊತ್ತಿಗೆ ಮಾತ್ರ ಯಾಕೋ ಮಂಜು ಮಂಜಾಗಿದೆಯಲ್ಲ?" ಅಂದಳು.

ಹೋಮದ ಹೊಗೆ ಅಕ್ಕಾ, ಅಂದೆ.

ನಮಸ್ಕಾರ.