ರಾಗಿಮುದ್ದೆ, ರಾಗಿಹುಲ್ಲು

ಕೇಳುಗರಿಗೆ ನಮಸ್ಕಾರ. ಕಾರ್ಬೋಹೈಡ್ರೇಟ್, ಪ್ರೋಟೀನ್ ಎರಡನ್ನೂ ಐದಾರು ನಿಮಿಷದಲ್ಲಿ ಹೇಳಿ ಮುಗಿಸಿ ಎಂದಿದ್ದಾರೆ. ನೋಡೋಣ.

ಮೊದಲೇ ಹೇಳಿಬಿಡುತ್ತೇನೆ, ಯಾವ ಪ್ರೋಟೀನ್ ಪೌಡರ್ ಒಳ್ಳೆಯದು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮದುವೆಮನೆಗೆ ಹೋದರೂ ಅದೇ ಪ್ರಶ್ನೆ, ಬಸ್ ಹತ್ತಿದರೂ ಅದೇ ಪ್ರಶ್ನೆ. ಪಾಠ ಮಾಡಿ ಮಾಡಿ ಮೂವತ್ತು ವರ್ಷ ಆಯಿತು, "ಅದು ಒಳಗೆ ಹೇಗಿರತ್ತೆ ಸಾರ್" ಅಂತ ಒಬ್ಬರೂ ಕೇಳಲಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ. ನನ್ನದು ಒಂದೇ ಮಾತು, ಬೇಕಾದರೆ ಬರೆದಿಟ್ಟುಕೊಳ್ಳಿ: ಎಲ್ಲ ಇರೋದು ಜೋಡಣೆಯಲ್ಲಿ.

ನಮ್ಮೂರು ತುಮಕೂರು ಕಡೆ. ಬೇಸಿಗೆ ರಜೆ, ನನಗೆ ಒಂಬತ್ತೋ ಹತ್ತೋ ವರ್ಷ. ಕೊಟ್ಟಿಗೆಯಲ್ಲಿ ಗೌರಿ ಅಂತ ಒಂದು ಹಸು, ಹಿತ್ತಲಲ್ಲಿ ರಾಗಿಹುಲ್ಲಿನ ಮೆದೆ. ನಾವು ಮುದ್ದೆ ಉಣ್ಣುತ್ತಿದ್ದೆವು, ಗೌರಿ ಅದೇ ಗಿಡದ ಹುಲ್ಲು ಮೇಯುತ್ತಿದ್ದಳು. ನನ್ನ ಚಿಕ್ಕಪ್ಪನ ಮಗ ನನಗಿಂತ ಎರಡು ವರ್ಷ ದೊಡ್ಡವನು, ಮಹಾ ಕಿಲಾಡಿ. "ರಾಗಿ ತಿಂದ್ರೆ ಶಕ್ತಿ ಬರುತ್ತೆ ಅಂದಮೇಲೆ ಹುಲ್ಲು ತಿಂದ್ರೂ ಬರಬೇಕಲ್ವೇನೋ, ಗೌರಿಗೆ ಬಂದಿಲ್ವಾ?" ಅಂದ. ಒಂದು ಅಚ್ಚು ಬೆಲ್ಲ ಪಂದ್ಯ. ನಾನೂ ಮೆದೆಯ ಹಿಂದೆ ಕೂತು, ಗೌರಿ ದವಡೆ ಆಡಿಸೋದನ್ನೇ ನೋಡಿಕೊಂಡು, ಒಂದು ಹಿಡಿ ಹುಲ್ಲನ್ನು ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಒಸಡು ಕಿತ್ತು ರಕ್ತ ಬಂತು, ಹುಲ್ಲು ಮಾತ್ರ ಹುಲ್ಲಾಗೇ ಇತ್ತು. ಅಷ್ಟರಲ್ಲಿ ತಾತ ಬಂದರು. ಬೈಯಲಿಲ್ಲ. "ಅವಳಿಗೆ ನಾಲ್ಕು ಹೊಟ್ಟೆ ಕಣ್ಲಾ, ನಿನಗಿರೋದು ಒಂದೇ" ಅಂತ ಬಾಯಿ ಮುಕ್ಕಳಿಸೋಕೆ ನೀರು ಕೊಟ್ಟರು. ಬೆಲ್ಲ ಅವತ್ತೂ ಸಿಗಲಿಲ್ಲ, ಇವತ್ತಿಗೂ ಬಾಕಿ ಇದೆ.

ಹತ್ತು ವರ್ಷದ ಮೇಲೆ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಸರ ಬರೆದರು. ಒಂದು ಪಿಷ್ಟ, ಕಾಳಿನೊಳಗೆ ಇರೋದು. ಇನ್ನೊಂದು ಸೆಲ್ಯುಲೋಸ್, ಹುಲ್ಲಿನಲ್ಲಿ ಇರೋದು. ಎರಡೂ ಕಾರ್ಬೋಹೈಡ್ರೇಟೇ. ಎರಡರಲ್ಲೂ ಮಣಿ ಒಂದೇ, ಗ್ಲುಕೋಸ್ ಅನ್ನೋ ಸಕ್ಕರೆ. 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ನನಗೆ ಬೆನ್ನ ಮೇಲೆ ಯಾರೋ ಗುದ್ದಿದ ಹಾಗಾಯಿತು. ಅಂದರೆ ಅವತ್ತು ನಾನು ಅಗಿದದ್ದೂ ಸಕ್ಕರೆಯೇ!

ಹಾಗಾದರೆ ಯಾಕೆ ಅರಗಲಿಲ್ಲ? ಜೋಡಣೆ, ಅಷ್ಟೆ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ, ಅದರಿಂದ ಸರ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿ ಸಡಿಲ. ನೀರು ಒಳಗೆ ನುಗ್ಗುತ್ತದೆ, ಎಂಜಲಿನಲ್ಲಿರುವ ಅಮೈಲೇಸ್ ಅನ್ನೋ ಕತ್ತರಿಯೂ ನುಗ್ಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಮಣಿ ಬಿಟ್ಟು ಒಂದು ಮಣಿ ತಲೆಕೆಳಗು. ಮದುವೆಮನೆಯಲ್ಲಿ ಮಕ್ಕಳನ್ನೆಲ್ಲ ಒಂದೇ ಜಮಖಾನದ ಮೇಲೆ ಮಲಗಿಸುವಾಗ ಒಬ್ಬನ ತಲೆ ಇತ್ತ, ಒಬ್ಬನ ತಲೆ ಅತ್ತ ಮಾಡಿ ಒತ್ತಿಬಿಡುತ್ತಾರಲ್ಲ, ಹಾಗೆ. ಸರ ನೆಟ್ಟಗಾಗುತ್ತದೆ, ಪಕ್ಕದ ಸರಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಕತ್ತರಿಗೆ ಆ ಗಂಟು ಸಿಗೋದೇ ಇಲ್ಲ. ಗೌರಿಗೂ ಆ ಕತ್ತರಿ ಇರಲಿಲ್ಲ! ಅವಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಸೂಕ್ಷ್ಮಜೀವಿಗಳಿದ್ದವು, ಕತ್ತರಿ ಅವುಗಳದ್ದು. ತಾತ ಹೇಳಿದ್ದು ಮುಕ್ಕಾಲು ಪಾಲು ಸರಿ.

ಅದೇ ಗ್ಲುಕೋಸನ್ನು ನಮ್ಮ ಪಿತ್ತಜನಕಾಂಗ, ಸ್ನಾಯುಗಳು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತವೆ. ಅದಕ್ಕೆ ಕವಲು ಜಾಸ್ತಿ. ಕವಲು ಜಾಸ್ತಿ ಇದ್ದರೆ ತುದಿ ಜಾಸ್ತಿ, ಒಂದೇ ಸಲ ಎಲ್ಲ ತುದಿಯಿಂದಲೂ ಮಣಿ ಕಿತ್ತುಕೊಳ್ಳಬಹುದು. ಬಸ್ ಹೊರಟಾಗ ನೀವು ಓಡಿ ಹತ್ತುತ್ತೀರಲ್ಲ, ಅದು ಹಾಗೆ ಕಿತ್ತುಕೊಂಡ ಶಕ್ತಿ. ಮಣಿ ಒಂದೇ, ಜೋಡಣೆ ಬೇರೆ.

ಗಾಜಿನ ಆಚೆ ಕೂತವರು ಕೈ ತೋರಿಸುತ್ತಿದ್ದಾರೆ. ಪ್ರೋಟೀನು ಇನ್ನೂ ಶುರುವೇ ಆಗಿಲ್ಲ! ಬೇಗ ಹೇಳುತ್ತೇನೆ.

ಪ್ರೋಟೀನಿನ ಮಣಿಗಳ ಹೆಸರು ಅಮೈನೋ ಆಮ್ಲ. 20 ಬಗೆ. ಪೋಣಿಸಿದ ಕೂಡಲೇ ಸರ ಮಡಚಿ, ಸುತ್ತಿ ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರವೇ ಅದರ ಕೆಲಸ. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುತ್ತಲ್ಲ, ಅಲ್ಲಿ ಸರ ಹರಿದಿಲ್ಲ, ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕು ಬಿದ್ದಿವೆ. ಮಣಿ ಹೋಗಿಲ್ಲ, ಜೋಡಣೆ ಹೋಯಿತು. ಇನ್ನು ಆ ಮೊಟ್ಟೆಯಿಂದ ಮರಿ ಬರುತ್ತಾ?

ರಕ್ತದ ಹಿಮೋಗ್ಲೋಬಿನ್ ತೆಗೆದುಕೊಳ್ಳಿ, ಆಕ್ಸಿಜನ್ ಹೊರುವ ಪ್ರೋಟೀನು ಅದು. ಅದರ ಒಂದು ಸರದಲ್ಲಿ 146 ಮಣಿ. ಆರನೆಯ ಮಣಿ ಒಂದು ಬದಲಾದರೆ ಸಾಕು, ಆಕ್ಸಿಜನ್ ಇಳಿಸಿದ ಮೇಲೆ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಕಡ್ಡಿ ಆಗುತ್ತವೆ, ದುಂಡಗಿದ್ದ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಡೆಯಲಾರದ ನೋವು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಕಾಯಿಲೆ, ಸಿಕಲ್ ಸೆಲ್ ಅನ್ನೋದು, ಇದೆ. ಒಂದೇ ಒಂದು ಮಣಿ!

ಇನ್ನೊಂದನ್ನು ಹೇಳದೆ ಎದ್ದರೆ ನನಗೆ ಸಮಾಧಾನ ಇಲ್ಲ. ಚರ್ಮ, ಮೂಳೆಗಳನ್ನು ಹಿಡಿದಿಡುವ ಕೊಲಾಜನ್ ಅನ್ನೋ ಪ್ರೋಟೀನು ಮೂರೆಳೆ ಹಗ್ಗ. ಅದು ಹಾಗೆ ಹೊಸೆದುಕೊಂಡಿದೆ ಅಂತ 1954ರಲ್ಲಿ ಮದರಾಸಿನಲ್ಲಿ ಕೂತು ಹೇಳಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಈ ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಹಗ್ಗದ ನಡುವೆ ಜಾಗ ಬಹಳ ಕಮ್ಮಿ, ಅದಕ್ಕೇ ಪ್ರತಿ ಮೂರನೆಯ ಮಣಿ ಗ್ಲೈಸಿನ್, ಇಪ್ಪತ್ತರಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು.

ಎಂಜೈಮ್ ಬಗ್ಗೆ, ಹಾಲು ಹೆಪ್ಪಾಗೋದರ ಬಗ್ಗೆ ಹೇಳಬೇಕಿತ್ತು, ಹೊತ್ತಾಯಿತು. ರಾತ್ರಿ ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಸಾರು ಕಲಸಬೇಡಿ. ಬರೀ ಅನ್ನ ಬಾಯಿಗಿಟ್ಟು ನುಂಗದೆ ಒಂದೆರಡು ನಿಮಿಷ ಅಗಿಯಿರಿ, ಸಿಹಿಯಾಗುತ್ತಾ ಬರುತ್ತದೆ. ಮುದ್ದೆಯಲ್ಲಿ ಮಾಡಿ ನೋಡಿ ಅನ್ನೋಣ ಅಂದರೆ, ಮುದ್ದೆ ಅಗಿಯೋರನ್ನು ನಮ್ಮ ತಾತ ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಬರುತ್ತೇನೆ, ನಮಸ್ಕಾರ.