ನಿಮ್ಮ ಕಬ್ಬಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಯಾರು ಹೇಳಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25 ರಿಕವರಿಗೆ, ಅಂದರೆ ನೂರು ಕೆಜಿ ಕಬ್ಬಿನಿಂದ 10.25 ಕೆಜಿ ಸಕ್ಕರೆ ಸಿಕ್ಕರೆ. ರಿಕವರಿ 0.1 ಏರಿದರೆ 3.46 ರೂಪಾಯಿ ಜಾಸ್ತಿ, ಇಳಿದರೆ ಅಷ್ಟೇ ಕಡಿಮೆ. 9.5ಕ್ಕೆ ಬಂದಮೇಲೆ ಕಡಿತ ನಿಲ್ಲುತ್ತದೆ. ಈಗ ಒಂದೇ ಕಾರ್ಖಾನೆಗೆ ಕಬ್ಬು ಕಳಿಸುವ ಇಬ್ಬರನ್ನು ತಗೊಳ್ಳಿ. ಒಬ್ಬರ ಕಬ್ಬು 11 ಕೊಡುವಂಥದ್ದು, ಇನ್ನೊಬ್ಬರದು 9.5. ಲೆಕ್ಕ ಹಾಕಿದರೆ ಟನ್‌ಗೆ 519 ರೂಪಾಯಿ ವ್ಯತ್ಯಾಸ. ಆದರೆ ಇಬ್ಬರ ಬಿಲ್ಲಿನಲ್ಲೂ ಒಂದೇ ದರ. ಯಾಕೆಂದರೆ ರಿಕವರಿ ಅನ್ನೋದು ಇಡೀ ಕಾರ್ಖಾನೆಯ ಸರಾಸರಿ. ಅದೂ ಸಾಮಾನ್ಯವಾಗಿ ಹಿಂದಿನ ಹಂಗಾಮಿನದು. ಚೆನ್ನಾಗಿ ಬೆಳೆದವನು ಸುಮ್ನೆ ಪಕ್ಕದವನ ಸೋಗೆಗೂ ದುಡ್ಡು ತುಂಬುತ್ತಿದ್ದಾನೆ, ಅಲ್ವಾ?

ಗಾಡಿಗೊಂದು ಪರೀಕ್ಷೆ ಮಾಡೋದು ಕಷ್ಟ ಎನ್ನುವುದು ಹಳೇ ಉತ್ತರ. ಬ್ರೆಜಿಲ್‌ನಲ್ಲಿ ಪ್ರತಿ ಗಾಡಿ ಅಲ್ಲದಿದ್ದರೂ, ಆಯ್ದ ಗಾಡಿಗಳಿಂದ ಮಾದರಿ ತೆಗೆದು ಬೆಳೆಗಾರರ ಕಬ್ಬನ್ನು ಪರೀಕ್ಷೆ ಮಾಡುತ್ತಿದ್ದಾರೆ. ಅಲ್ಲಿನ ಸಾವ್ ಪಾವ್ಲೊ ರಾಜ್ಯದಲ್ಲಿ 1999ರಿಂದ ಕನ್ಸೆಕಾನಾ ಎಂಬ ವ್ಯವಸ್ಥೆ ಇದೆ. ಬೆಳೆಗಾರರೂ ಕಾರ್ಖಾನೆಗಳೂ ಕೂಡಿ ಕಟ್ಟಿದ್ದು. ಟನ್ ಕಬ್ಬಿನಲ್ಲಿ ತೆಗೆಯಬಹುದಾದ ಸಕ್ಕರೆ ಎಷ್ಟು ಕೆಜಿ ಎಂದು ನೋಡಿ ಹಣ ಕೊಡುತ್ತಾರೆ.

ಕೆಲಸ ನಡೆಯುವುದು ಹೀಗೆ. ಲಾರಿ ಯಾರ್ಡಿಗೆ ಬಂದು ನಿಲ್ಲುತ್ತದೆ. ತುದಿಗೆ ಹಲ್ಲಿರುವ ಟೊಳ್ಳು ಕೊಳವೆಯೊಂದು ತಿರುಗುತ್ತಾ ಲೋಡಿನೊಳಗೆ ಇಳಿಯುತ್ತದೆ. ಕಬ್ಬು, ಎಲೆ, ಮಣ್ಣು, ದಾರಿಗೆ ಸಿಕ್ಕಿದ್ದನ್ನೆಲ್ಲ ಕೊರೆದು ತರುತ್ತದೆ. ಅದು ಶ್ರೆಡರ್‌ಗೆ, ಅಂದರೆ ಹಿಂಜುವ ಯಂತ್ರಕ್ಕೆ, ಬಿದ್ದು ಹಸಿ ತೆಂಗಿನ ತುರಿಯ ಹಾಗೆ ಹೊರಗೆ ಬರುತ್ತದೆ. ಚೆನ್ನಾಗಿ ಕಲಸಿ, ಅದರಲ್ಲಿ 500 ಗ್ರಾಂ ತೂಗಿ, ಹೈಡ್ರಾಲಿಕ್ ಪ್ರೆಸ್‌ಗೆ ಹಾಕಿ ಒಂದು ನಿಮಿಷ ಒತ್ತುತ್ತಾರೆ. ಒತ್ತಡ ಚದರ ಸೆಂಟಿಮೀಟರ್‌ಗೆ 250 ಕೆಜಿ. ರಸದಲ್ಲಿ ಬ್ರಿಕ್ಸ್ (ಕರಗಿರುವ ಒಟ್ಟು ಪದಾರ್ಥ) ಮತ್ತು ಪೋಲ್ (ಅದರಲ್ಲಿ ಸಕ್ಕರೆಯ ಅಂದಾಜು) ನೋಡುತ್ತಾರೆ. ಉಳಿದ ಹಿಂಡಿಯ ತೂಕದಿಂದ ನಾರು ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ.

ಇಲ್ಲೊಂದು ಮಾತು ಗಮನಿಸಿ. 15 ಟನ್ ಲೋಡಿನಲ್ಲಿ ಅರ್ಧ ಕೆಜಿ ಅಂದರೆ 30,000ದಲ್ಲಿ ಒಂದು ಪಾಲು. ಆ ಒಂದು ಪಾಲು ಉಳಿದ 29,999ರ ಪರವಾಗಿ ಸಾಕ್ಷಿ ಹೇಳಬೇಕು. ಕೊಳವೆ ಯಾವಾಗಲೂ ಒಂದೇ ಜಾಗಕ್ಕೆ ಇಳಿಯುತ್ತದೆ ಎಂದು ಗೊತ್ತಾದರೆ ಮುಗೀತು. ನಮ್ಮವರು ಆ ಜಾಗದಲ್ಲೇ ಒಳ್ಳೆ ಕಬ್ಬು ಪೇರಿಸುತ್ತಾರೆ! ಆದ್ದರಿಂದ ಯಾವ ಗಾಡಿ, ಗಾಡಿಯ ಯಾವ ಭಾಗ ಎಂಬುದು ಚೀಟಿ ಎತ್ತಿದ ಹಾಗೆ ಬರಬೇಕು.

ಆಸ್ಟ್ರೇಲಿಯಾದವರು ಇನ್ನೊಂದು ದಾರಿ ಹಿಡಿದರು. ಶ್ರೆಡರ್ ದಾಟಿ ಮೊದಲ ಗಾಣಕ್ಕೆ ಹೋಗುವ ಕಬ್ಬಿನ ಮೇಲೇ ಬೆಳಕು ಬಿಟ್ಟು ಓದುತ್ತಾರೆ. ಇದು ನಿಯರ್ ಇನ್‌ಫ್ರಾರೆಡ್, ಚಿಕ್ಕದಾಗಿ ಎನ್‌ಐಆರ್. ಕಣ್ಣಿಗೆ ಕಾಣದ ಬೆಳಕು. ಅಮೆರಿಕದ ಕಾರ್ಲ್ ನಾರಿಸ್ 1960ರ ದಶಕದಲ್ಲಿ ಇದರಿಂದ ಧಾನ್ಯದ ತೇವ ಅಳೆದು ದಾರಿ ತೋರಿಸಿದರು. ನೀರು, ಸಕ್ಕರೆ, ನಾರು ಒಂದೊಂದೂ ಬೆಳಕಿನ ಬೇರೆ ಬೇರೆ ಭಾಗವನ್ನು ಹೀರುತ್ತವೆ. ವಾಪಸ್ ಬಂದ ಬೆಳಕಿನಲ್ಲಿ ಏನು ಕಮ್ಮಿಯಾಗಿದೆ ಎಂದು ನೋಡಿ ಕಂಪ್ಯೂಟರ್ ಅಂಕಿ ಕೊಡುತ್ತದೆ. ಪ್ರೆಸ್ ಬೇಡ, ರಸ ತಿಳಿ ಮಾಡಲು ಹಿಂದೆ ಬಳಸುತ್ತಿದ್ದ ಸೀಸದ ವಿಷವೂ ಬೇಡ.

ಆದರೆ ಎನ್‌ಐಆರ್‌ಗೆ ಸಕ್ಕರೆ ಅಂದರೆ ಏನಂತ ತಾನಾಗಿ ಗೊತ್ತಿಲ್ಲ. ಲ್ಯಾಬಿನಲ್ಲಿ ಹಳೇ ಪದ್ಧತಿಯಲ್ಲಿ ಪರೀಕ್ಷೆ ಮಾಡಿದ ರಾಶಿ ಮಾದರಿಗಳನ್ನು ತೋರಿಸಿ ಕಲಿಸಬೇಕು. ಇದೇ ಕ್ಯಾಲಿಬ್ರೇಷನ್. ಬರೀ ಕೋ 86032 ಎಂಬ ಕಬ್ಬಿನ ತಳಿ ತೋರಿಸಿ ಕಲಿಸಿದ ಯಂತ್ರಕ್ಕೆ ಕೋ 62175 ಬಂದರೆ ತಬ್ಬಿಬ್ಬಾಗಬಹುದು. ಡಿಸೆಂಬರ್‌ನ ಕಬ್ಬೇ ಬೇರೆ, ಏಪ್ರಿಲ್‌ನ ಒಣಗಿದ ಕಬ್ಬೇ ಬೇರೆ. ಪ್ರತಿ ಹಂಗಾಮಿನಲ್ಲೂ ಹೊಸ ಮಾದರಿ ಸೇರಿಸುತ್ತಾ ಇರಬೇಕು. ಯಂತ್ರ ಮಾರುವವರು ಈ ಖರ್ಚಿನ ಬಗ್ಗೆ ಮೆಲ್ಲಗೆ ಮಾತಾಡುತ್ತಾರೆ, ನೀವೇ ಜೋರಾಗಿ ಕೇಳಿ.

ಹಾಗಂತ ಹಳೇ ಪದ್ಧತಿ ಪೂರ್ತಿ ಪ್ರಾಮಾಣಿಕ ಅಂದುಕೊಳ್ಳಬೇಡಿ. ಪೋಲ್ ಮೀಟರ್ ನೋಡುವುದು ರಸ ಬೆಳಕನ್ನು ಎಷ್ಟು ಬಲಕ್ಕೆ ತಿರುಗಿಸುತ್ತದೆ ಎಂಬುದನ್ನು. ಕಡಿದು ಬಿಸಿಲಲ್ಲಿ ಬಿದ್ದ ಕಬ್ಬಿನಲ್ಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಡೆಕ್ಸ್‌ಟ್ರಾನ್ ಎಂಬ ಅಂಟು ಮಾಡುತ್ತದೆ. ಅದು ಸಕ್ಕರೆಗಿಂತಲೂ ಹೆಚ್ಚು ಬಲಕ್ಕೆ ತಿರುಗಿಸುತ್ತದೆ. ಅಂದರೆ ಹಳಸಿದ ಕಬ್ಬಿನಲ್ಲಿ ಇಲ್ಲದ ಸಕ್ಕರೆಯನ್ನು ಮೀಟರ್ ತೋರಿಸಬಹುದು. ಕಾರ್ಖಾನೆಗೂ ಏಟು ಬೀಳುತ್ತದೆ ಅನ್ನೋದು ನೆನಪಿರಲಿ.

ನಮ್ಮಲ್ಲಿಗೆ ಯಾವುದು ಸರಿ? ಮಂಡ್ಯ ಆಗಲಿ, ಬೆಳಗಾವಿ ಆಗಲಿ, ಹಿಡುವಳಿ ಚಿಕ್ಕದು. ಕಬ್ಬನ್ನು ಗಾಣಕ್ಕೆ ಒಯ್ಯುವ ಕ್ಯಾರಿಯರ್ ಮೇಲೆ ಒಬ್ಬರ ಬೆನ್ನಿಗೇ ಇನ್ನೊಬ್ಬರ ಕಬ್ಬು ಬಿದ್ದು ಬೆರೆಯುತ್ತದೆ. ಹಾಗಾಗಿ ಗಾಣದ ಮುಂದೆ ಬೆಳಕು ಬಿಟ್ಟರೆ ಯಾರದ್ದು ಯಾರ ಖಾತೆಗೆ ಹೋಯಿತೋ ಹೇಳೋದು ಕಷ್ಟ. ನನ್ನ ಪ್ರಕಾರ ಯಾರ್ಡಿನಲ್ಲೇ ಕೊಳವೆಯಿಂದ ಮಾದರಿ ತೆಗೆದು, ಹಿಂಜಿ, ಅದನ್ನು ಎನ್‌ಐಆರ್ ಕೆಳಗೆ ಇಡೋದು ಮೇಲು.

ಯಂತ್ರ ತರುವ ಮೊದಲೇ ಎರಡು ಮಾತು ಕರಾರಿನಲ್ಲಿ ಬರಬೇಕು. ಲ್ಯಾಬಿನಲ್ಲಿ ರೈತರ ಕಡೆಯ ಒಬ್ಬ ತಿಳಿದವನಿಗೆ ಕೂರಲು ಕುರ್ಚಿ ಇರಬೇಕು. ಬ್ರೆಜಿಲ್‌ನಲ್ಲಿ ಬೆಳೆಗಾರರ ಸಂಘಕ್ಕೆ ಪರೀಕ್ಷೆಯ ಮೇಲೆ ಕಣ್ಣಿಡುವ ಹಕ್ಕಿದೆ. ಎರಡನೆಯದು, ತೆಗೆದ ಮಾದರಿಯ ಒಂದು ಪಾಲನ್ನು ತಕ್ಷಣ ಫ್ರೀಜರ್‌ಗೆ ಹಾಕಿ ಇಡಬೇಕು. ಜಗಳ ಬಂದರೆ ಮೂರನೆಯವರ ಲ್ಯಾಬಿಗೆ ಕಳಿಸಲು. ಹಿಂಜಿದ ಕಬ್ಬು ಹೊರಗಿಟ್ಟರೆ ಬಲು ಬೇಗ ಹುಳಿ ಬರುತ್ತದೆ, ನಾಳೆ ನೋಡೋಣ ಅನ್ನುವಂತಿಲ್ಲ.

ಈಗ ನಿಮ್ಮ ಪ್ರಶ್ನೆಗಳು ಬರಲಿ. ತೂಕದ ಕಾಟದ ವಿಷಯ ಮಾತ್ರ ಇವತ್ತು ಬೇಡ, ಅದಕ್ಕೆ ಕೂತರೆ ರಾತ್ರಿ ಊಟ ಇಲ್ಲೇ ಆಗುತ್ತದೆ.